ಎಡಮಂಡಿ

“ಗೂಳಿಗೆ ಮಂಡಿ ನೋವಿತ್ತು ಅಂತ ಗುಮಾನಿ ನನಗೆ. ಯಾವ ಮಂಡಿ ಅಂತ ಹೇಳಿಬಿಡಿ ಮೇಷ್ಟ್ರೇ, ಸಾಕು,” ಎಂದ ಕೋಚ್. ಪಂಜರದೊಳಗೆ ಕಾದಾಡುವ ಹುಡುಗರಿಗೆ ಗುದ್ದು, ಒದೆ, ಪಟ್ಟು ಕಲಿಸುವುದು ಅವನ ಕೆಲಸ. ಅದೇ ಹುಡುಗರ ಮೈಗೆ ಕಸುವು, ಎದೆಗೆ ದಮ್ಮು ತುಂಬುವುದು ಮೇಷ್ಟ್ರ ಕೆಲಸ.

ಮೇಷ್ಟ್ರು ನೆಲದ ಮೇಲಿದ್ದ ದಪ್ಪ ಹಗ್ಗವನ್ನು ಸುತ್ತುತ್ತಲೇ, “ಅವನ ಮೈ ವಿಚಾರ ನನ್ನ ಬಾಯಲ್ಲಿ ಬರಲ್ಲ,” ಎಂದರು.

“ಇನ್ನೂ ಮಮಕಾರನಾ? ಟೀವಿಲಿ ಅವನು ಏನಂದ ಅಂತ ಮರೆತೋಯ್ತಾ?”

ಮರೆಯುವುದೆಲ್ಲಿ ಬಂತು. ಅಳ್ಳಕ ಚಡ್ಡಿ ಹಾಕಿಕೊಂಡು ಬಂದ ಬಡಕಲು ಹುಡುಗನನ್ನು ಗೂಳಿ ಮಾಡಿ, ಆ ಹೆಸರನ್ನೂ ಇಟ್ಟವರು ಅವರೇ. ದೊಡ್ಡ ಜಿಮ್ಮಿನವರು ಕರೆದ ಕೂಡಲೇ ಗೂಳಿ ಹೊರಟುಹೋದ. ಹೋಗಲಿ, ರೆಕ್ಕೆ ಬಲಿತ ಮೇಲೆ ಹಾರಲೇಬೇಕು. ಆದರೆ ಸಂದರ್ಶನದಲ್ಲಿ ಹಳೆಯ ಗುರುವಿನ ಬಗ್ಗೆ ಕೇಳಿದಾಗ, “ಅವರಾ? ಕಬ್ಬಿಣ ಎತ್ತಿಸ್ತಿದ್ರು, ಅಷ್ಟೆ,” ಎಂದು ನಕ್ಕಿದ್ದ. ಆ ‘ಅಷ್ಟೆ’ ಮೇಷ್ಟ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಈಗ ಅದೇ ಗೂಳಿಯ ಎದುರು ಇವರ ಜಿಮ್ಮಿನ ಈಗಿನ ಹುಡುಗ ‘ಕಡ್ಡಿ’ ಕಾದಾಡಬೇಕಿತ್ತು.

ಈ ಕಸುಬಿನಲ್ಲಿ ಹುಡುಗರು ತಮ್ಮ ನೋವನ್ನು ಕೋಚ್‌ಗೆ ಹೇಳುವುದಿಲ್ಲ, ಕಾಳಗ ಕೈತಪ್ಪೀತೆಂಬ ಭಯ. ಮನೆಯಲ್ಲೂ ಹೇಳುವುದಿಲ್ಲ. ಭಾರ ಎತ್ತಿಸುವವನಿಗೆ ಮಾತ್ರ ಹೇಳುತ್ತಾರೆ. ಎಲ್ಲಿ ಹೊರಿಸಬೇಕು, ಎಲ್ಲಿ ಬಿಡಬೇಕು ಎಂದು ಅವನಿಗಾದರೂ ಗೊತ್ತಿರಬೇಕಲ್ಲ. ಗೂಳಿಯ ಎಡಮಂಡಿಯ ಲಿಗಮೆಂಟ್ ಒಮ್ಮೆ ಹರಿದು ಕೂಡಿಕೊಂಡಿತ್ತು; ಹೊರಗಡೆಯಿಂದ ಜೋರಾಗಿ ಏಟು ಬಿದ್ದರೆ ನಿಲ್ಲುವಂಥದ್ದಲ್ಲ. ಅದು ಖಚಿತವಾಗಿ ಗೊತ್ತಿದ್ದದ್ದು ಗೂಳಿಗೆ, ಮೇಷ್ಟ್ರಿಗೆ, ಮತ್ತು ಆ ಕಾಲಿಗೆ ಸಂಜೆ ಸಂಜೆ ಶಾಖ ಕೊಟ್ಟ ಮೇಷ್ಟ್ರ ಹೆಂಡತಿಗೆ.

ಮೇಷ್ಟ್ರು ಬಾಯಿ ಬಿಡಲಿಲ್ಲ. ಆದರೆ ಮರುದಿನದಿಂದ ಕಡ್ಡಿಯ ಕಸರತ್ತು ಬದಲಾಯಿತು. ಸೊಂಟ ತಿರುಗಿಸಿ ಭಾರದ ಚೆಂಡನ್ನು ಗೋಡೆಗೆ ಅಪ್ಪಳಿಸುವುದು, ಒಂಟಿ ಎಡಗಾಲಲ್ಲಿ ನಿಂತು ರಬ್ಬರ್ ಪಟ್ಟಿ ಕಟ್ಟಿದ ಬಲಗಾಲನ್ನು ಮಂಡಿಯ ಎತ್ತರಕ್ಕೆ ಬೀಸುವುದು. ಉಸಿರು ಸೋತ ಮೇಲೆ ಮತ್ತೆ ಅದೇ. ಕೊನೆಯ ಸುತ್ತಿನಲ್ಲೂ ಬಲಗಾಲಿನ ಏಟು ಸಡಿಲವಾಗಬಾರದು.

“ಎಲ್ಲಾ ಬಲಗಾಲಿಗೇ ಯಾಕೆ ಮೇಷ್ಟ್ರೇ? ಎಡಗಾಲೇನು ಮಲತಾಯಿ ಮಗನಾ?” ಎಂದ ಕಡ್ಡಿ.

“ನಾನೇನು ಯಾರಿಗೂ ಏನೂ ಹೇಳಿಲ್ಲ. ಮಾಡೋ ಸುಮ್ಮನೆ.”

ಯಾರಿಗಾದರೂ ಹೇಳಿದಿರಾ ಎಂದು ಕಡ್ಡಿ ಪಾಪ ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಬಾಗಿಲಲ್ಲಿ ನಿಂತಿದ್ದ ಕೋಚ್ ಬೀಸುತ್ತಿದ್ದ ಕಾಲನ್ನೇ ನೋಡಿ ಹೋದ. ಬಲಗಾಲು ಬಿದ್ದರೆ ಎದುರಾಳಿಯ ಎಡಮಂಡಿಗೇ ಎನ್ನುವುದು ಅವನಿಗೆ ಗೊತ್ತಿಲ್ಲದ್ದೇ? ಅಂದಿನಿಂದ ಅವನೂ ಕಡ್ಡಿಗೆ ಕಲಿಸಿದ್ದು ಆ ಒಂದು ಒದೆಯನ್ನೇ.

ಕಾಳಗದ ದಿನ ಗೂಳಿ ಕೊನೆಯ ಸುತ್ತಿನವರೆಗೂ ನಿಂತ. ಆಮೇಲೆ ಕಡ್ಡಿಯ ಒದೆಗೆ ಎಡಮಂಡಿ ಒಳಕ್ಕೆ ಮಡಚಿಕೊಂಡಿತು. ಅವನು ಬಿದ್ದಾಗ ಮೇಷ್ಟ್ರಿಗೆ ಖುಷಿಯಾಯಿತು, ಸುಳ್ಳೇಕೆ. ಆದರೆ ಗೂಳಿ ಒದ್ದವನ ಕಡೆ ತಿರುಗಲೇ ಇಲ್ಲ. ಮಂಡಿ ಹಿಡಿದುಕೊಂಡು, ಜಾಲರಿಯಾಚೆ ಟವೆಲ್ ಹಿಡಿದು ನಿಂತಿದ್ದ ಮೇಷ್ಟ್ರನ್ನು ನೋಡಿದ. ಗೆದ್ದ ಕೈ ಎತ್ತಿ ನಿಂತಿದ್ದ ಕಡ್ಡಿಯ ಕಣ್ಣೂ ಆ ನೋಟದ ಹಿಂದೆಯೇ ಮೇಷ್ಟ್ರವರೆಗೆ ಬಂತು. ಕೈ ತಾನಾಗಿ ಕೆಳಗಿಳಿಯಿತು.

ಮನೆಯಲ್ಲಿ ಹೆಂಡತಿ ಟೀವಿ ಆರಿಸಿ ಕೂತಿದ್ದಳು. “ಎಡಗಾಲೇ ಅಲ್ವಾ?”

“ಆಟ ಅಂದ್ಮೇಲೆ ಆಗುತ್ತೆ.”

“ಶಾಖ ಕೊಟ್ಟ ಕೈ ನಂದು. ನನಗೆ ಕಥೆ ಹೇಳಬೇಡಿ,” ಎಂದು ಎದ್ದು ಒಳಗೆ ಹೋದಳು. ಊಟಕ್ಕೆ ಅವರೇ ಬಡಿಸಿಕೊಳ್ಳಬೇಕಾಯಿತು. ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ.

ಮುಂದಿನ ವಾರ ಕಡ್ಡಿ ಜಿಮ್ಮಿಗೆ ಬಂದ. ಕಂಬಿಯನ್ನು ತಲೆಯ ಮೇಲೆತ್ತುವಾಗ ಅವನ ಬಲಭುಜ ಅರ್ಧಕ್ಕೇ ನಿಂತಿತು.

“ಭುಜಕ್ಕೇನಾಯ್ತೋ?”

“ಏನಿಲ್ಲ ಸರ್.”

ಮೇಷ್ಟ್ರೇ ಎನ್ನುತ್ತಿದ್ದವನು ಸರ್ ಅಂದ. ಮೇಷ್ಟ್ರು ಹತ್ತಿರ ಹೋಗಿ ಭುಜದ ಮೇಲೆ ಹೆಬ್ಬೆರಳೊತ್ತಿದರು. ಬೆರಳಡಿಯ ಮಾಂಸ ಬೆಚ್ಚಿ ಹಾರಿತು.

“ನೋಯ್ತಿದೆಯಲ್ಲೋ. ಯಾವಾಗಿಂದ? ಹೇಳು, ಕಡಿಮೆ ಮಾಡೋಣ.”

“ಎಲ್ಲೂ ನೋವಿಲ್ಲ ಸರ್,” ಎಂದ ಕಡ್ಡಿ, ಎದುರಿನ ಗೋಡೆ ನೋಡುತ್ತ. “ಚೆನ್ನಾಗೇ ಇದೀನಿ. ಎಷ್ಟು ಹಾಕ್ತೀರೋ ಹಾಕಿ.”

ಮೇಷ್ಟ್ರು ಭಾರದ ಒಂದು ತಟ್ಟೆಯನ್ನು ಕೈಗೆತ್ತಿಕೊಂಡರು. ಅದನ್ನು ಕಂಬಿಗೆ ಏರಿಸಬೇಕೋ ಬಿಡಬೇಕೋ ತಿಳಿಯದೆ ನಿಂತರು. ಕಡ್ಡಿ ಹಲ್ಲು ಕಚ್ಚಿಕೊಂಡು, ಕಂಬಿಗೆ ಕೈ ಕೊಟ್ಟು, ಕಾಯುತ್ತಿದ್ದ.