ತಡವಾದ ಹಡಗಿನ ದರ

ದಲ್ಲಾಳಿ ಚೀಟಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟ. ಅಲ್ಲಿ ಯಾರೂ ಹಾಗೆ ಇಡುವುದಿಲ್ಲ. ಎದುರಿಗೆ ಕೂತವರು ಓದಲಿ ಅಂತಲೇ ಚೀಟಿ ಇರುವುದು. ಹಡಗಿನ ಹೆಸರು, ಒಳಗಿನ ಸರಕು, ಹೊರಟ ಬಂದರು, ಮುಟ್ಟಬೇಕಾದ ಬಂದರು, ಅದರ ಕೆಳಗೆ ಸಹಿ ಹಾಕುವವರಿಗೆಂದು ಬಿಟ್ಟ ಖಾಲಿ ಜಾಗ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಕೂತ್ಕೋ," ಅಂದರು.

ದಲ್ಲಾಳಿ ಮೇಜಿನ ಪಕ್ಕದ ಕಿರಿದಾದ ಬೆಂಚಿನ ಮೇಲೆ ಕೂತ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಾಳಿಪಟ ಅಂತ. ಕೋಟಿನ ಚುಂಗು ಹಾರಿಸಿಕೊಂಡು ಮೇಜಿನಿಂದ ಮೇಜಿಗೆ ಹೋಗುವವನು, ಎಲ್ಲಿಯೂ ಪೂರ್ತಿ ಕೂರುವವನಲ್ಲ. ಈವತ್ತು ಎರಡೂ ಕಾಲನ್ನು ನೆಲಕ್ಕೆ ಊರಿ ಕೂತಿದ್ದ.

"ಕಾಫಿ ಆಯ್ತಾ ಮೇಷ್ಟ್ರೇ?"

"ಆಯ್ತು. ನಿಂದು ಕಾಫಿ ವಿಚಾರಿಸೋಕೆ ಬಂದ ಮುಖ ಅಲ್ಲ. ತಿರುಗಿಸು ಅದನ್ನ."

"ಸ್ವಲ್ಪ ಹೊತ್ತು ಇರ್ಲಿ ಬಿಡಿ."

"ಯಾವ ಹಡಗು ಅಂತ ನಂಗೊತ್ತು ಕಣಯ್ಯಾ. ಮಗುಚಿ ಇಟ್ಟರೆ ಹೆಸರು ಬದಲಾಗುತ್ತಾ?"

ಅದು ವಿಮೆಯ ಸಭಾಂಗಣ. ಅಲ್ಲಿನವರು ಅದನ್ನು ಸಂತೆ ಎಂದೇ ಕರೆಯುತ್ತಿದ್ದರು. ಎತ್ತರದ ಸೂರಿನ ಕೆಳಗೆ ಸಾಲು ಸಾಲು ಮೇಜುಗಳು. ವಿಮಾನಗಳ ಕೇಡನ್ನು ತೂಗುವವರದು ಒಂದು ಸಾಲು, ಎಣ್ಣೆ ಬಾವಿಗಳನ್ನು ತೂಗುವವರದು ಇನ್ನೊಂದು, ಹಡಗಿನವರದು ಎಲ್ಲಕ್ಕಿಂತ ಹಳೆಯದು. ಒಂದು ದೇಶದವರು ಕಟ್ಟಿದ ಹಡಗು ಇನ್ನೊಂದು ದೇಶದ ಬಾವುಟ ಹೊತ್ತು, ಮೂರನೆಯ ದೇಶದ ಸರಕು ತುಂಬಿಕೊಂಡು ನಾಲ್ಕನೆಯ ದೇಶಕ್ಕೆ ಹೊರಟರೆ, ಅದಕ್ಕೆ ಒದಗಬಹುದಾದ ಕೇಡನ್ನು ಇಲ್ಲಿ ಕೂತವರು ಚೂರುಚೂರಾಗಿ ಹಂಚಿಕೊಳ್ಳುತ್ತಿದ್ದರು. ಹಂಚಿಕೊಂಡದ್ದರಲ್ಲಿ ಒಂದಿಷ್ಟನ್ನು ಮತ್ತೆ ಬೇರೆಯವರ ತಲೆಗೆ ದಾಟಿಸುತ್ತಿದ್ದರು. ಅದಕ್ಕೆ ಮರುವಿಮೆ ಎಂದು ಹೆಸರು. ದೂರದ ಯಾವುದೋ ಸಮುದ್ರದಲ್ಲಿ ಅಲೆಯೆದ್ದರೆ ಹತ್ತಾರು ದೇಶಗಳ ಮೇಜುಗಳು ಒಂದಿಷ್ಟಿಷ್ಟು ಒದ್ದೆಯಾಗುತ್ತಿದ್ದವು, ಯಾವೊಂದೂ ಮುಳುಗುತ್ತಿರಲಿಲ್ಲ. ಒಬ್ಬನ ಹೊರೆಯನ್ನು ನೂರು ಹೆಗಲಿಗೆ ಹಂಚುವ ಈ ಕೆಲಸ ದೇವರಿಗೆ ಒಪ್ಪಿಗೆಯಾದದ್ದು ಎಂದು ಮೇಷ್ಟ್ರು ನಂಬಿದ್ದರು. ಸಹಿ ಹಾಕುವ ಮುಂಚೆ ತುಟಿಯೊಳಗೇ ದೇವರ ಹೆಸರು ಹೇಳಿಕೊಳ್ಳುವುದು ಅವರ ರೂಢಿ. ಚೀಟಿಯಲ್ಲಿ ಒಂದು ತಪ್ಪಿದ್ದರೂ ತಿದ್ದದೆ ಬಿಡುತ್ತಿರಲಿಲ್ಲವಾದ್ದರಿಂದ ಮೇಷ್ಟ್ರು ಎಂಬ ಹೆಸರು ಅವರಿಗೆ ಅಂಟಿಕೊಂಡಿತ್ತು.

ಆ ಸಂತೆಯಲ್ಲಿ ಮೊದಲ ಸಹಿಯೇ ಎಲ್ಲ. ಅದನ್ನು ಹಾಕುವವರೇ ದರ ಕಟ್ಟುವವರು. ಮಿಕ್ಕವರು ಸರಕು ಯಾವುದು, ಗಾಳಿ ಹೇಗಿದೆ ಎಂದು ಮತ್ತೆ ಕೆದಕುವುದಿಲ್ಲ, ಮೊದಲು ಯಾರು ಬರೆದಿದ್ದಾರೆ, ಎಷ್ಟಕ್ಕೆ ಎಂದು ನೋಡಿ ತಮ್ಮ ಪಾಲು ಬರೆದು ಮುದ್ರೆ ಒತ್ತುತ್ತಾರೆ. ಮೇಷ್ಟ್ರದು ಅದರಲ್ಲೂ ಒಂದು ಅಪರೂಪದ ಕಸುಬು. ಅವರು ತಡವಾದ ಹಡಗುಗಳಿಗೆ ಮೊದಲ ಸಹಿಯವರು. ಬರಬೇಕಾದ ಹೊತ್ತಿಗೆ ಹಡಗು ಬರಲಿಲ್ಲ, ರೇಡಿಯೋದಲ್ಲಿ ದನಿಯಿಲ್ಲ ಎಂದಾಗ, ಅದಕ್ಕೆ ವಿಮೆ ಕೊಟ್ಟ ಕಂಪನಿಗೆ ಎದೆ ಹೊಡೆದುಕೊಳ್ಳುತ್ತದೆ. ಕೈಯಿಂದ ಒಂದಿಷ್ಟು ಕೊಟ್ಟಾದರೂ ಆ ಹೊರೆಯನ್ನು ಇನ್ನೊಬ್ಬರಿಗೆ ದಾಟಿಸಿಬಿಡೋಣ ಎಂದು ದಲ್ಲಾಳಿಯನ್ನು ಕಳಿಸುತ್ತದೆ. ನೂರಕ್ಕೆ ಇಪ್ಪತ್ತು ಇಸಕೊಂಡು ಹೊರೆ ಹೊತ್ತುಕೊಂಡರೆ, ಹಡಗು ಬಂದೀತೆಂಬ ಭರವಸೆ ಹೊತ್ತವನಿಗೆ ಇದೆ ಎಂದು ಅರ್ಥ. ದರ ಏರಿದಷ್ಟೂ ಆಸೆ ಇಳಿಯಿತೆಂದು ಲೆಕ್ಕ.

ಈಗ ತಡವಾಗಿದ್ದ ಹಡಗಿನಲ್ಲಿ ಎರಡನೆಯ ಎಂಜಿನಿಯರಾಗಿದ್ದವನು ಮೇಷ್ಟ್ರ ಅಳಿಯ. ಇದು ಮುಚ್ಚಿಟ್ಟ ಸಂಗತಿಯೇನಲ್ಲ. ಮದುವೆಗೆ ಬಂದು ಅರ್ಧ ಸಂತೆಯೇ ಉಂಡು ಹೋಗಿತ್ತು.

ಮೊದಲ ಸಲ ಆ ಹಡಗಿನ ಚೀಟಿ ಬಂದಾಗ ಮೇಷ್ಟ್ರು ಒಂದು ಪ್ರಶ್ನೆಯನ್ನೂ ಕೇಳದೆ ಇಪ್ಪತ್ತು ಎಂದು ಬರೆದಿದ್ದರು. ಆ ಅಂಕಿಯ ಹಿಂದೆ ಯಾವ ಲೆಕ್ಕವೂ ಇರಲಿಲ್ಲ. ಸರಕಿನ ಜಾಗದಲ್ಲಿ ಅದಿರು ಎಂದು ಇದ್ದದ್ದು ಕಣ್ಣಿಗೆ ಬಿದ್ದಿತ್ತು, ಕಣ್ಣು ಮುಂದಕ್ಕೆ ಸರಿದಿತ್ತು. ಅವರ ಹಿಂದೆ ಇಡೀ ಸಾಲು ಇಪ್ಪತ್ತಕ್ಕೇ ಸಹಿ ಹಾಕಿತು. ಎರಡನೆಯ ಸಲ ಬಂದಾಗ ಮೂವತ್ತು ಬರೆದರು. ಸಾಲು ಮತ್ತೆ ಹಿಂಬಾಲಿಸಿತು.

ಮಗಳು ಅತ್ತೆಯನ್ನು ಕರೆದುಕೊಂಡು ಬಂದು ತಂದೆಯ ಮನೆಯಲ್ಲೇ ಇದ್ದಳು, ಸುದ್ದಿ ಬಂದರೆ ಮೊದಲು ಅಲ್ಲಿಗೆ ಬರುತ್ತದೆ ಎಂದು. ಅವಳು ಚಿಕ್ಕವಳಿದ್ದಾಗ ಅಪ್ಪನ ಮುದ್ರೆ ಇಟ್ಟುಕೊಂಡು ಆಟ ಆಡಿದವಳು, ಅಂಕಿಗಳ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸಂಜೆ ಬಾಗಿಲಲ್ಲೇ ಕೇಳುತ್ತಿದ್ದಳು.

"ಇವತ್ತು ಎಷ್ಟಕ್ಕೆ ಹಾಕಿದ್ರಿ ಅಪ್ಪ?"

"ಇಪ್ಪತ್ತು."

"ನಿಮ್ಮ ಹಿಂದೆ?"

"ಎಲ್ಲರೂ ಹಾಕಿದ್ರು."

ಅವಳು ಒಳಗೆ ಹೋಗಿ, "ಅತ್ತೇ, ನೂರಕ್ಕೆ ಇಪ್ಪತ್ತಂತೆ. ಇಡೀ ಸಂತೆ ಸಹಿ ಹಾಕಿದೆ. ಅಷ್ಟು ಜನ ಸುಮ್ಮಸುಮ್ಮನೆ ಹಾಕ್ತಾರಾ? ಏಳಿ, ಎರಡು ತುತ್ತು ಉಣ್ಣಿ," ಅನ್ನುತ್ತಿದ್ದಳು.

"ನಿಮ್ಮಪ್ಪನ ಅಂಕಿ ನನ್ನ ತಲೆಗೆ ಹತ್ತಲ್ಲ ಕಣೇ," ಎಂದು ಬೀಗಿತ್ತಿಯ ದನಿ ಕೇಳುತ್ತಿತ್ತು. "ಬರ್ತಾನೋ ಇಲ್ವೋ, ಅಷ್ಟು ಹೇಳು."

"ಬರ್ತಾರೆ ಅತ್ತೆ."

ಆಮೇಲೆ ತಟ್ಟೆಯ ಸದ್ದು. ಅದನ್ನು ಕೇಳಿದ ಮೇಲೆ ಮೇಷ್ಟ್ರು ಕೋಟು ಬಿಚ್ಚುತ್ತಿದ್ದರು.

ಈಗ ಗಾಳಿಪಟ ಮಗುಚಿದ ಚೀಟಿಯ ಮೇಲೆ ಅಂಗೈ ಇಟ್ಟುಕೊಂಡಿದ್ದ. "ಮೊದಲು ಬೇರೆ ಮೇಜಿಗೆ ಹೋಗೋಣ ಅಂತಿದ್ದೆ ಮೇಷ್ಟ್ರೇ. ನಿಮ್ಮ ಮುಂದೆ ಬಾಯಿ ಹೇಗೆ ಬಿಡ್ಲಿ ಅಂತ."

"ನಾನು ಹಾಕದೆ ಬೇರೆಯವರು ಹಾಕ್ತಾರಾ?"

"ಇಲ್ಲ."

"ಮತ್ತೆ? ಗೊತ್ತಿದ್ದದ್ದು ಒಂದನ್ನೂ ಮುಚ್ಚಿಡೋ ಹಾಗಿಲ್ಲ ಅನ್ನೋದು ನಿಂಗೆ ನಾನೇ ಕಲಿಸಿದ್ದು. ಮುಚ್ಚಿಟ್ಟರೆ ಚೀಟಿಯೇ ರದ್ದು. ಹೇಳು."

ಅವನು ನೆಲ ನೋಡಿಕೊಂಡು ಹೇಳಿದ. ಅದೇ ಬಂದರಿನಲ್ಲಿ ಅದೇ ರಾಶಿಯ ಅದಿರನ್ನು ತುಂಬಿಕೊಂಡು ಇನ್ನೊಂದು ಹಡಗು ಹಿಂದೆಯೇ ಹೊರಟಿತ್ತು. ಅದು ಒಂದು ಮಗ್ಗುಲಿಗೆ ವಾಲಿಕೊಂಡು ಹೇಗೋ ವಾಪಸು ಬಂದಿದೆ. ಕಪ್ತಾನ ಟೆಲೆಕ್ಸ್ ಕಳಿಸಿದ್ದಾನೆ. ಅದಿರು ತುಂಬುವ ಮುಂಚೆ ಬಯಲಿನಲ್ಲಿ ಮಳೆಗೆ ನೆನೆದಿತ್ತಂತೆ, ಹಡಗಿನ ಹೊಟ್ಟೆಯಲ್ಲಿ ಎಲ್ಲ ಕೆಸರಾಗಿತ್ತಂತೆ.

ಮೇಷ್ಟ್ರಿಗೆ ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹೊಸದಾಗಿ ಸಂತೆಗೆ ಸೇರಿದವರಿಗೆ ಅವರೇ ಗಾಜಿನ ಲೋಟದಲ್ಲಿ ಒದ್ದೆ ಅದಿರಿನ ಪುಡಿ ತುಂಬಿ, ಮೇಜಿನ ಮೇಲೆ ಕುಟ್ಟಿ ಕುಟ್ಟಿ ತೋರಿಸುತ್ತಿದ್ದರು. ನೋಡಲು ಗಟ್ಟಿ ಮಣ್ಣು, ಕೈಯಿಟ್ಟರೆ ಒಣಗಿದ ಹಾಗೆಯೇ ಇರುತ್ತದೆ. ಎಂಜಿನ್ನಿನ ನಡುಕಕ್ಕೆ ನೀರು ಮೇಲೇರುತ್ತದೆ, ಮಣ್ಣು ಗಂಜಿಯಾಗುತ್ತದೆ, ಒಂದು ಹೊರಳಿಗೆ ಎಲ್ಲ ಒಂದೇ ಕಡೆ ಜಾರುತ್ತದೆ. ರೇಡಿಯೋ ಮುಟ್ಟುವಷ್ಟೂ ಹೊತ್ತು ಸಿಗುವುದಿಲ್ಲ. ಅದಕ್ಕೇ ಆ ಹಡಗುಗಳಿಂದ ದನಿ ಬರುವುದಿಲ್ಲ. ಎಂಜಿನ್ ಕೋಣೆ ಎಲ್ಲಕ್ಕಿಂತ ಕೆಳಗೆ ಇರುತ್ತದೆ.

ಎಡಗಡೆಯ ಮೇಜಿನಲ್ಲಿದ್ದ, ಸಂತೆಯೆಲ್ಲ ಅಕ್ಕ ಎಂದು ಕರೆಯುವ ಹೆಂಗಸು ಕುರ್ಚಿ ತಿರುಗಿಸಿ ಕೂತರು. ಅವರದು ಒಂದು ಚಿಕ್ಕ ಕಂಪನಿಯ ಮೇಜು, ಮೇಷ್ಟ್ರ ಹಿಂದಿನ ಎರಡನೆಯ ಸಹಿ ಯಾವಾಗಲೂ ಅವರದೇ.

"ಕಿವಿಗೆ ಬಿತ್ತು ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ," ಅಂದರು. "ನಿಮ್ಮ ಮನೆಗೆ ಬಂದ ಸುದ್ದಿ ಇದಕ್ಕಿಂತ ಮುಂಚಿನದಾ, ಆಮೇಲಿನದಾ?"

"ಯಾವ ಸುದ್ದಿ?"

"ಅಳಿಯಂದಿರದು."

"ನನಗೆ ಯಾವ ಸುದ್ದಿ ಬಂದಿದೆಯಮ್ಮ?"

ಅಕ್ಕ ಗಾಳಿಪಟನ ಮುಖ ನೋಡಿದರು, ಮತ್ತೆ ಮೇಷ್ಟ್ರನ್ನು ನೋಡಿದರು. "ಸುದ್ದಿ ಬರದೆ ನೀವು ಇಪ್ಪತ್ತಕ್ಕೆ ಹಾಕ್ತೀರಾ? ಗೆರೆ ಅರ್ಧ ಅಂಗುಲ ಸೊಟ್ಟ ಇದ್ದರೆ ವಾಪಸು ಕಳಿಸೋರು ನೀವು. ಸ್ವಂತ ಅಳಿಯ ಹಡಗಿನಲ್ಲಿದ್ದಾನೆ, ಮನೆಗೆ ತಂತಿಯೋ ಫೋನೋ ಬಂದಿರುತ್ತೆ, ಮಾಲೀಕರ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡ್ತಿಲ್ಲ ಅಂತ ನಾವು ಅಂದ್ಕೊಂಡ್ವಿ. ಇಡೀ ಸಾಲು ಹಾಗೇ ಅಂದ್ಕೊಂಡಿದೆ."

ಮನೆಯಲ್ಲಿ ಇಬ್ಬರು ಹೆಂಗಸರು ಸಂತೆಯನ್ನು ನಂಬಿ ಉಣ್ಣುತ್ತಿದ್ದರು. ಸಂತೆ ಆ ಮನೆಯನ್ನು ನಂಬಿ ಸಹಿ ಹಾಕುತ್ತಿತ್ತು. ಎರಡರ ನಡುವೆ ಇದ್ದವರು ಮೇಷ್ಟ್ರೊಬ್ಬರೇ, ಅವರ ಬಳಿ ಏನೂ ಇರಲಿಲ್ಲ.

ಅವರು ಎದ್ದು ನಿಂತರು. ಮೇಜು ಹಿಡಿದುಕೊಂಡು, ಸಾಲಿಗೆಲ್ಲ ಕೇಳುವ ಹಾಗೆ ಹೇಳಿದರು. "ನಮ್ಮ ಮನೆಗೆ ಯಾವ ಸುದ್ದಿಯೂ ಬಂದಿಲ್ಲ. ಮೊದಲ ದಿನಾನೂ ಬಂದಿರಲಿಲ್ಲ. ಆ ಇಪ್ಪತ್ತನ್ನ ಒಬ್ಬ ಮಾವ ಬರೆದದ್ದು ಅಂತ ತಿಳ್ಕೊಳ್ಳಿ. ನೀವು ಮೇಷ್ಟ್ರು ಬರೆದದ್ದು ಅಂತ ನಂಬಿದ್ರಿ. ನನ್ನಿಂದ ತಪ್ಪಾಯ್ತು."

ಮುದ್ರೆ ಒತ್ತುವ ಸದ್ದು ಒಂದೊಂದಾಗಿ ನಿಂತಿತು. ಕೊನೆಯ ಮೇಜಿನಿಂದ ಯಾರೋ, "ನಾವೂ ಕೇಳ್ಲಿಲ್ಲ ಬಿಡಿ ಮೇಷ್ಟ್ರೇ, ಕೂತ್ಕೊಳ್ಳಿ," ಅಂದರು. ಅಕ್ಕ ಮಾತ್ರ ತಮ್ಮ ಕೈಬೆರಳುಗಳನ್ನೇ ನೋಡುತ್ತಿದ್ದರು. "ನಮ್ಮದು ಚಿಕ್ಕ ಮೇಜು," ಅಂದರು, ಯಾರಿಗೂ ಅಲ್ಲ ಎನ್ನುವಂತೆ. "ಮೇಲಿನವರಿಗೆ ಏನೋ ಒಂದು ಹೇಳ್ಕೋಬೇಕು."

ಮೇಷ್ಟ್ರು ಕೂತು ಚೀಟಿಯನ್ನು ತಾವೇ ತಿರುಗಿಸಿದರು. ಹೆಸರು ಓದಿದರು. ಸರಕು ಓದಿದರು. ದರದ ಜಾಗದಲ್ಲಿ ಗಾಳಿಪಟ ಪೆನ್ಸಿಲಿನಲ್ಲಿ ಅರವತ್ತು ಎಂದು ಬರೆದಿದ್ದ.

"ಇಲ್ಲ," ಅಂದರು.

"ಎಂಬತ್ತು ಆದ್ರೆ?"

"ಇಲ್ಲ."

"ತೊಂಬತ್ತರ ತನಕ ಒಪ್ಪಿಗೆ ತಗೊಂಡೇ ಬಂದಿದ್ದೀನಿ ಮೇಷ್ಟ್ರೇ."

"ಬೇಡ ಕಣಯ್ಯಾ. ತಗೊಂಡು ಹೋಗು."

ಯಾವ ದರಕ್ಕೂ ಇಲ್ಲ ಎಂದು ಮೊದಲ ಸಹಿಯವರು ಹೇಳಿದ ಮೇಲೆ ಆ ಹಡಗಿನ ಚೀಟಿ ಇನ್ನೊಂದು ಮೇಜಿಗೆ ಹೋಗುವುದಿಲ್ಲ. ಹಡಗು ಕಾಣೆಯಾಯಿತೆಂದು ಸರ್ಕಾರದವರು ಸಾರುವುದು ಎಷ್ಟೋ ತಿಂಗಳ ಮೇಲೆ. ಸಂತೆಗೆ ಅದು ಈ ಒಂದು ಮಾತಿನಲ್ಲೇ ಗೊತ್ತಾಗುತ್ತದೆ. ತಾವು ಸಹಿ ಹಾಕಿದ್ದರಿಂದ ಹಡಗು ತೇಲುವುದಿಲ್ಲ, ಹಾಕದಿದ್ದರೆ ಮುಳುಗುವುದೂ ಇಲ್ಲ ಎಂದು ಮೇಷ್ಟ್ರಿಗೆ ತಿಳಿದಿತ್ತು. ಆದರೂ ಚೀಟಿಯನ್ನು ದೂಡಿದ ಕೈಯನ್ನು ಅವರು ಮೇಜಿನ ಕೆಳಗೆ ಇಟ್ಟುಕೊಂಡರು.

ಗಾಳಿಪಟ ಎದ್ದ. ಅಕ್ಕ ಅವನ ಕೈಯಿಂದ ಚೀಟಿಯನ್ನು ತೆಗೆದುಕೊಂಡು, ಕುರ್ಚಿಯನ್ನು ಮೇಷ್ಟ್ರ ಹತ್ತಿರಕ್ಕೆ ಎಳೆದುಕೊಂಡರು.

"ತೊಂಬತ್ತಕ್ಕೆ ನಾನೊಂದು ಸಣ್ಣ ಪಾಲು ಹಾಕ್ಲಾ?" ಮೆತ್ತಗೆ ಕೇಳಿದರು. "ತೀರಾ ಸಣ್ಣದು. ಸಂಜೆ ಮಗಳಿಗೆ ಹೇಳೋಕೆ ಒಂದು ಅಂಕಿ ಅಂತ ಇರುತ್ತೆ."

ಈಗಷ್ಟೇ ಮೇಷ್ಟ್ರಿಂದ ಮೋಸಹೋದ ಹೆಂಗಸು, ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಹೂಂ ಎಂದರೆ ಸಾಕು. ನೂರಕ್ಕೆ ಹತ್ತು ಪಾಲು ಆಸೆ. ಅಷ್ಟಿದ್ದರೂ ಮಗಳು ಈ ಸಂಜೆ ಅದನ್ನು ಅತ್ತೆಯ ತಟ್ಟೆಗೆ ಬಡಿಸುತ್ತಿದ್ದಳು.

"ಬೇಡಮ್ಮ," ಅಂದರು. "ಪರರ ದುಡ್ಡಿನಲ್ಲಿ ನನ್ನ ಮಗಳಿಗೆ ನಾನು ಸುಳ್ಳು ಹೇಳಬಾರದು. ಎರಡು ಸಲ ಹೇಳಿದ್ದಾಯ್ತು."

ಅಕ್ಕ ಪೆನ್ನು ಮುಚ್ಚಿದರು.

ಮನೆಗೆ ಅವರು ನಡೆದುಕೊಂಡೇ ಹೊರಟರು. ಬೀದಿಯಲ್ಲಿ ಅಂಗಡಿಗಳು ಇನ್ನೂ ತೆರೆದಿದ್ದವು. ಯಾರೋ ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಿದ್ದರು, ಯಾರೋ ನಗುತ್ತಿದ್ದರು. ಇಷ್ಟು ದಿನ ಈ ದಾರಿಯುದ್ದಕ್ಕೂ ಕಾಪಾಡು ತಂದೆ, ಕಾಪಾಡು ಎಂದು ಬೇಡಿಕೊಂಡು ನಡೆಯುತ್ತಿದ್ದರು. ಈಗ ಏನೆಂದು ಬೇಡಬೇಕೋ ತೋಚಲಿಲ್ಲ. ಬೇಡಿಕೆ ಬಿಟ್ಟು ಬರೀ ಹೆಸರನ್ನು ಹೇಳಿಕೊಂಡರು. ಅದು ಬರುತ್ತಿತ್ತು, ಉಸಿರು ಬಂದ ಹಾಗೆ. ಹೆಜ್ಜೆಗೊಂದು ಸಲ ಹೇಳಿಕೊಳ್ಳುತ್ತಾ ಮನೆ ಮುಟ್ಟಿದರು.

ಮಗಳು ಬಾಗಿಲಲ್ಲಿದ್ದಳು.

"ಇವತ್ತು?"

"ಹಾಕಲಿಲ್ಲಮ್ಮ."

"ನೀವು ಹಾಕಲಿಲ್ವಾ, ಯಾರೂ ಹಾಕಲಿಲ್ವಾ?"

"ನಾನು ಹಾಕಲಿಲ್ಲ."

ಉಳಿದದ್ದು ಅವಳಿಗೆ ಗೊತ್ತಿತ್ತು. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. "ದಲ್ಲಾಳಿ ಎಷ್ಟು ಕೊಡ್ತೀನಿ ಅಂದ?" ಎಂದು ಕೇಳಿದಳು.

"ತೊಂಬತ್ತು."

"ತೊಂಬತ್ತಕ್ಕೂ ಬೇಡ ಅಂದ್ರಿ."

"ಹೂಂ."

"ಮೊದಲು ಹಾಕಿದ್ದು?"

"ಅದು ನನ್ನ ಆಸೆ ಮಗಳೇ. ನನ್ನದೊಬ್ಬನದೇ."

ಅವಳು ತಂದೆಯ ತೋಳನ್ನು ಒಮ್ಮೆ ಮುಟ್ಟಿದಳು, ಗಟ್ಟಿಯಾಗಿ ಹಿಡಿದು ಬಿಟ್ಟಳು. ಒಳಗಿನ ಕೋಣೆಯಿಂದ ಬೀಗಿತ್ತಿ ಕೂಗಿದರು.

"ಬಂದ್ರಾ ನಿಮ್ಮಪ್ಪ? ಎಷ್ಟಂತೆ ಇವತ್ತು?"

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಮೇಷ್ಟ್ರು ಹಿಂದೆಯೇ ಹೋಗಿ ಹೊಸ್ತಿಲಲ್ಲಿ ನಿಂತರು.

"ಇವತ್ತು ಸಂತೆಗೆ ರಜಾ ಅಂತೆ ಅತ್ತೆ," ಅಂದಳು.

ಬೀಗಿತ್ತಿ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು. ಬೆಳಗ್ಗೆಯಿಂದ ಅಲ್ಲೇ ಕೂತು, ಬೀಗರೂ ಸೇರಿ ಕೋಟು ಹಾಕಿಕೊಂಡು ಕೆಲಸಕ್ಕೆ ಹೋಗುವವರನ್ನೂ ಬರುವವರನ್ನೂ ನೋಡಿದ್ದರು. ಅವರು ಸೊಸೆಯ ಮುಖವನ್ನು ದಿಟ್ಟಿಸಿದರು. ಹೊಸ್ತಿಲಲ್ಲಿ ನಿಂತ ಬೀಗರ ಕಡೆಗೂ ಒಮ್ಮೆ ನೋಡಿದರು.

"ಹೌದಾ," ಅಂದರು. "ರಜಾ ಇದ್ರೆ ಅವರಾದರೂ ಏನು ಮಾಡ್ತಾರೆ."

ಮಂಚದ ಅಂಚಿಗೆ ಸರಿದು ಕಾಲು ಕೆಳಗೆ ಬಿಟ್ಟರು. "ಬಾರೇ ಇಲ್ಲಿ. ತಲೆ ಬಾಚಿ ಎಷ್ಟು ದಿನ ಆಯ್ತೆ ನೀನು? ಕೂತ್ಕೋ."

ಮಗಳು ಅವರ ಕಾಲ ಬಳಿ ನೆಲದ ಮೇಲೆ ಬೆನ್ನು ಹಾಕಿ ಕೂತಳು. ಮುದುಕಿ ಜಡೆ ಬಿಚ್ಚಿದರು. ಬಾಚಣಿಗೆಗೆ ಏಳಲಿಲ್ಲ. ಸಿಕ್ಕುಗಳನ್ನು ಬೆರಳಿನಿಂದಲೇ ಒಂದೊಂದಾಗಿ, ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದು, ನೋಯದ ಹಾಗೆ ಬಿಡಿಸತೊಡಗಿದರು. ಕಿಟಕಿಯ ಬೆಳಕು ಕಡಿಮೆಯಾಗುತ್ತಾ ಬಂತು. ದೀಪ ಹಾಕಲು ಯಾರೂ ಏಳಲಿಲ್ಲ.