ಮಸ್ಕತ್ತಿಗೆ ಹೋದ ಈಳಿಗೆಮಣೆ

ಟಿಕ್ ಎಂದು ಒಂದು ಸಣ್ಣ ಸದ್ದು. ನಡುರಾತ್ರಿಯ ಕುಲುಮೆಯಲ್ಲಿ ವಾಸು ಆಚಾರಿಯವರ ಕಿವಿ ನಿಮಿರಿತು. ಕೆಂಪಗೆ ಕಾದ ಅಲಗನ್ನು ನೀರಿಗೆ ಅದ್ದಿದಾಗ ಹಾಗೆ ಸದ್ದಾದರೆ ಅದು ಸೀಳಿತೆಂದೇ ಅರ್ಥ. ಸೀಳಿದ್ದು ನನ್ನ ಜೊತೆಯವನು. ಆಚಾರಿಯವರು ಅವನನ್ನು ಮೂಲೆಗೆ ಎಸೆದು ನನ್ನನ್ನು ಇಕ್ಕಳದಲ್ಲಿ ಹಿಡಿದರು. ಕಾದ ಕಬ್ಬಿಣದ ಬಣ್ಣ ಕತ್ತಲಲ್ಲೇ ಸರಿಯಾಗಿ ಕಾಣುವುದು. ಅದಕ್ಕೇ ಹದ ಕೊಡುವ ಕೆಲಸವನ್ನು ಅವರು ರಾತ್ರಿಗೆ ಇಟ್ಟುಕೊಳ್ಳುತ್ತಿದ್ದರು. ನಾನು ತುಟಿಪಿಟಕ್ಕೆನ್ನದೆ ಮುಳುಗಿ ಎದ್ದೆ.

ನಾನು ಒಂದು ಈಳಿಗೆಮಣೆ. ಅದಕ್ಕೂ ಮೊದಲು ಯಾವುದೋ ಲಾರಿಯ ಸ್ಪ್ರಿಂಗ್ ಪಟ್ಟಿಯಾಗಿದ್ದೆ. ಬೆಂಕಿ, ಸುತ್ತಿಗೆ, ಅರ ಎಲ್ಲ ಕಂಡ ಮೇಲೆ ಹಲಸಿನ ಮಣೆಯ ಮೇಲೆ ನಿಂತೆ. ನನ್ನ ತುದಿಗೆ ಕಾಯಿ ತುರಿಯಲು ಹಲ್ಲುಗಳನ್ನೂ ಕೊಟ್ಟರು. ಪುತ್ತೂರಿನ ದೇವಕಿಯಮ್ಮ ನನ್ನನ್ನು ಕೊಂಡು ಹತ್ತು ವರ್ಷ ಬಳಸಿದರು. ನನ್ನ ಮೇಲೆ ಕುಳಿತವರ ಮುಖವನ್ನು ನಾನು ಹೆಚ್ಚು ನೋಡಿದವನಲ್ಲ. ನಾನಿರುವುದು ನೆಲದಲ್ಲಿ, ನನಗೆ ಗೊತ್ತಿರುವುದು ಪಾದಗಳು.

ದೇವಕಿಯಮ್ಮನ ಮಗಳು ಕಲಾವತಿಗೆ ಮಸ್ಕತ್ತಿನಲ್ಲಿ ಮನೆಯಾಯಿತು. ಗಂಡ ಉದಯನಿಗೆ ಅಲ್ಲಿ ಮರುಭೂಮಿಯ ರಸ್ತೆ ಕೆಲಸ. ಏಳು ವರ್ಷದ ಚಿನ್ಮಯಿಯನ್ನು ಕರೆದುಕೊಂಡು ಹೊರಟ ಅವಳ ಪೆಟ್ಟಿಗೆಯಲ್ಲಿ, ಹಳೆ ಸೀರೆ ಸುತ್ತಿಕೊಂಡು ನಾನೂ ಹೊರಟೆ. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ನನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದೆಂಥ ಆಯುಧ ಎಂದು ಕೇಳಿದ. ಕಲಾವತಿ ಅಷ್ಟು ಜನರ ನಡುವೆ ನೆಲದ ಮೇಲೆ ಕುಳಿತು, ಇಲ್ಲದ ತೆಂಗಿನಕಾಯಿಯನ್ನು ತುರಿದು ತೋರಿಸಿದಳು. ಅವನು ನಕ್ಕು ಬಿಟ್ಟುಬಿಟ್ಟ.

ಉದಯ ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಉಳಿದ ದಿನ ತಾಯಿ, ಮಗಳು, ಎರಡು ಕೋಣೆ. ಶಾಲೆಯ ಬಸ್ಸು ನಿಲ್ಲುವಲ್ಲಿ ಬೇರೆ ತಾಯಂದಿರು ಗುಂಪಾಗಿ ನಿಲ್ಲುತ್ತಿದ್ದರಂತೆ. ಅವರೊಡನೆ ಆಡಬೇಕಾದ ಹಿಂದಿ ಮಾತನ್ನು ಕಲಾವತಿ ಹಿಂದಿನ ದಿನವೇ ಅಡುಗೆಮನೆಯಲ್ಲಿ ಬಾಯಿಪಾಠ ಮಾಡುವುದನ್ನು ನಾನೇ ಕೇಳಿದ್ದೇನೆ. ಒಮ್ಮೆ ಧೈರ್ಯ ಮಾಡಿ ಮೂವರನ್ನು ಚಹಾಕ್ಕೆ ಕರೆದಳು. ಅವರು ಬಂದರು, ನೀರುದೋಸೆಯನ್ನು ಹೊಗಳಿದರು. ಅಷ್ಟರಲ್ಲಿ ಒಬ್ಬಳ ಮಗು ಅಂಬೆಗಾಲಿಡುತ್ತ ನನ್ನ ಹತ್ತಿರ ಬಂತು. ಅವಳು ಚೀರಿ ಮಗುವನ್ನು ಎತ್ತಿಕೊಂಡಳು. "ಇದೇನು, ಮನೆಯೋ ಕಸಾಯಿಖಾನೆಯೋ?" ಎಂದಳು. ಆಮೇಲೆ ಬಸ್ಸಿನ ಬಳಿ ಆ ಗುಂಪು ಅವಳಿಗೆ ಬೆನ್ನು ಹಾಕಿತು. ಕಲಾವತಿ ಅತ್ತು, ನನ್ನನ್ನು ಅಟ್ಟಕ್ಕೆ ಹಾಕಿದಳು.

ನಾಲ್ಕು ತಿಂಗಳ ಬಳಿಕ, ಮಿಕ್ಸಿಯ ಕಾಯಿ ಹಿಟ್ಟಿನ ಹಾಗಿದೆ ಎಂದು ಚಿನ್ಮಯಿ ಊಟ ಬಿಟ್ಟದ್ದರಿಂದ ನಾನು ಇಳಿದೆ. ಮೂರನೆಯ ದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು.

"ಅಕ್ಕಾರ, ದಿನಾ ಮುಂಜಾನೆದ್ದು ಅದೇನ್ ಕೆರೀತೀರಿ? ಗ್ವಾಡ್ಯಾಗ ಹೆಗ್ಗಣ ಹೊಕ್ಕಾವ ಅಂತ ನಮ್ಮ ಮನೆಯವ್ರು ಔಷಧ ತರಾಕ ಹೊಂಟಾರ!"

"ಅಯ್ಯೋ, ನೀವು ಕನ್ನಡವಾ? ಬನ್ನಿ ಮಾರಾಯ್ರೆ, ಒಳಗೆ ಬನ್ನಿ. ಹೆಗ್ಗಣ ಅಲ್ಲ, ತೆಂಗಿನಕಾಯಿ!"

ಬೆಳ್ಳಿ ಕಾಲುಂಗುರದ ಅಗಲ ಪಾದಗಳು ನನ್ನೆದುರು ಬಂದು ನಿಂತವು. "ಯವ್ವಾ! ಈಳಗಿಗಿ ಹಲ್ಲೂ ಅದಾವಲ್ರೀ! ನಮ್ಮ ಗದಗದಾಗ ಇದು ಬರೇ ಕೊಯ್ತೈತಿ. ನಿಮ್ಮದು ಕಡಿತೈತಿ ಸುದ್ದಾ!"

ಕಲಾವತಿ ನಕ್ಕಳು. ಈ ದೇಶಕ್ಕೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಅವಳು ಪಕ್ಕದ ಮನೆಗೆ ಆಗಷ್ಟೇ ಬಂದ ಸುವರ್ಣಾ, ಮಸ್ಕತ್ತಿಗೆ ಮಾತ್ರ ಹಳಬಳು. ಅವಳ ಮಗ ವಿನಾಯಕ ಚಿನ್ಮಯಿಯ ವಯಸ್ಸಿನವನು. ಮೀನು ಎಲ್ಲಿ ತಾಜಾ ಸಿಗುತ್ತದೆ, ಜ್ವರ ಬಂದರೆ ಯಾವ ಕ್ಲಿನಿಕ್ಕಿಗೆ ಓಡಬೇಕು, ಟ್ಯಾಕ್ಸಿಯವನನ್ನು ಹೇಗೆ ಬೈಯಬೇಕು, ಎಲ್ಲವನ್ನೂ ಅವಳೇ ಕಲಿಸಿದಳು. ಕಲಾವತಿ ಅವಳಿಗೆ ಕಲಿಸಿದ್ದು ನನ್ನ ಮರ್ಯಾದೆಯನ್ನು: "ಏಳುವಾಗ ಇದನ್ನು ಮಲಗಿಸಿಯೇ ಏಳ್ಬೇಕು. ಅಲಗು ಗೋಡೆ ಕಡೆಗಿರ್ಬೇಕು. ದಾಟ್ಲಿಕ್ಕಿಲ್ಲ."

ಸುವರ್ಣಾಳ ಪಾದಗಳನ್ನು ನೋಡುತ್ತ ನೋಡುತ್ತ ನನಗೆ ಬೇರೆಯದೂ ತಿಳಿಯಿತು. ಒಂದು ದಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಇನ್ನೊಂದು ದಿನ ಕಣಕಾಲಿನ ಮೇಲೆ ಬೆಲ್ಟಿನ ಬರೆ. ಗೋಡೆಯಾಚೆ ಸಂಜೆ ಪಾತ್ರೆ ಉರುಳುತ್ತಿತ್ತು. ಪಾತ್ರೆಯಲ್ಲದ್ದೂ ಉರುಳುತ್ತಿತ್ತು. ಅವಳ ಗಂಡ ಮಹಾಂತೇಶ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಒಮ್ಮೆ ಕುಕ್ಕರಿನ ಮುಚ್ಚಳದಿಂದ ಅವಳ ತಲೆ ಒಡೆದ. ಆ ದಿನ ಕಲಾವತಿ ಪೊಲೀಸರಿಗೆ ಕರೆ ಮಾಡಲು ಫೋನು ಕೈಗೆತ್ತಿಕೊಂಡಳು. ಸುವರ್ಣಾ ಅದನ್ನು ಕಿತ್ತುಕೊಂಡಳು.

"ಪೊಲೀಸ್ರು ಬಂದ್ರ ಅವ್ರ ಕೆಲಸ ಹೋಗತೈತಿ. ಅವ್ರ ವೀಸಾದ ಮ್ಯಾಲೇ ನಾನೂ ಹುಡುಗನೂ ಇಲ್ಲಿರೋದು. ಊರಿಗೆ ಹೋದ್ರೂ ಅದೇ ಏಟು ಅಕ್ಕಾರ. ಅಲ್ಲಿ ನೀವಿರಂಗಿಲ್ಲ, ಅಷ್ಟೇ ಫರಕು."

ಆಮೇಲೆ ಕಲಾವತಿಗೆ ನೆಮ್ಮದಿಯಿರಲಿಲ್ಲ. ಹೇಳಿದರೆ ಗೆಳತಿ ದೇಶ ಬಿಡುತ್ತಾಳೆ. ಹೇಳದಿದ್ದರೆ ಒಂದು ದಿನ ಹೆಣವಾಗುತ್ತಾಳೆ. ಗೋಡೆಯಾಚೆ ಸದ್ದೆದ್ದಾಗಲೆಲ್ಲ ಅವಳ ಕಾಲ್ಬೆರಳುಗಳು ನೆಲವನ್ನು ಒತ್ತಿ ಹಿಡಿಯುತ್ತಿದ್ದವು.

ಒಂದು ಬುಧವಾರ ಮಧ್ಯಾಹ್ನ ಸುವರ್ಣಾ ನನ್ನ ಮೇಲೆ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಳು. ಕಲಾವತಿ ಮಕ್ಕಳನ್ನು ಬಸ್ಸಿನಿಂದ ಕರೆತರಲು ಕೆಳಗಿಳಿದಿದ್ದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅದು ಗೋಡೆಗೆ ಬಡಿಯಿತು. ಕಪ್ಪು ಬೂಟುಗಳು ಒಳಗೆ ಬಂದವು.

"ಇಲ್ಲೇ ಕುಂತಿಯೇನ? ನನ್ನ ಮನಿ ಸುದ್ದಿ ಮಂದಿಗೆ ಹಂಚಾಕ?"

ಮೊದಲ ಒದೆಗೆ ಬುಟ್ಟಿ ಹಾರಿತು. ಎರಡನೆಯದು ಅವಳ ಪಕ್ಕೆಗೆ ಬಿತ್ತು. ಜಡೆ ಹಿಡಿದು ಎತ್ತಿದ. ಅವಳ ತಲೆಯನ್ನು ಗ್ಯಾಸ್ ಸಿಲಿಂಡರಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ನನ್ನನ್ನು ಮಲಗಿಸುವವರು ಯಾರೂ ಇರಲಿಲ್ಲ. ಅಲಗೆತ್ತಿಕೊಂಡು ನಿಂತೇ ಇದ್ದೆ. ಅವಳು ನೆಲಕ್ಕೆ ಬಿದ್ದಳು. ಬೀಳುವಾಗ ಅವಳ ಬಾಯಿಯ ನೆತ್ತರು ನನ್ನ ಮಣೆಗೆ ಸಿಡಿಯಿತು. ಇನ್ನೊಂದು ಒದೆ ಹಾಕಲು ಅವನು ಒಂದು ಹೆಜ್ಜೆ ಹಿಂದಿಡಲು ಹೊರಟ. ಆಗ ಅವಳ ಪಾದ ನನ್ನ ಮಣೆಯ ಅಂಚನ್ನು ಹುಡುಕಿ, ಮೆಲ್ಲನೆ, ಒಂದು ಗೇಣಿನಷ್ಟು ಅವನ ಹಿಮ್ಮಡಿಯ ಕಡೆಗೆ ತಳ್ಳಿತು.

ಅವನು ಹಿಂದೆ ಬಂದ ರಭಸವೇ ಸಾಕಾಯಿತು. ಬೂಟಿನ ಅಂಚಿಗಿಂತ ಮೇಲೆ, ಹಿಮ್ಮಡಿಯ ನರಕ್ಕೆ ನಾನು ಹೊಕ್ಕೆ. ಬದನೆಕಾಯಿಗೂ ಅವನಿಗೂ ನನಗೆ ಹೆಚ್ಚು ವ್ಯತ್ಯಾಸ ತಿಳಿಯಲಿಲ್ಲ. ಹಗ್ಗ ಹರಿದಂತೆ ಸದ್ದಾಯಿತು. ಅವನು ಕಿರುಚುತ್ತ ಕುಸಿದ. ಬಿಸಿ ನೆತ್ತರು ನೆಲದಲ್ಲಿ ಹರಿದು ಒಲೆಯ ಅಡಿಗೆ ಸೇರಿತು.

ಬಾಗಿಲಲ್ಲಿ ಕಲಾವತಿಯ ಚಪ್ಪಲಿಗಳಿದ್ದವು. ಅವು ಆಗಷ್ಟೇ ಬಂದು ನಿಂತವಲ್ಲ. ಅವನು ಕಿರುಚುವ ಮೊದಲೇ, ಆ ಪಾದ ಜರುಗುವ ಮೊದಲೇ ಅವು ಅಲ್ಲಿದ್ದವು.

ಅವಳು ಮಕ್ಕಳನ್ನು ಮೆಟ್ಟಿಲಲ್ಲೇ ನಿಲ್ಲಿಸಿ ಬಾಗಿಲು ಹಾಕಿದಳು. ಟವೆಲ್ಲಿನಿಂದ ಅವನ ಕಾಲನ್ನು ಬಿಗಿದು ಕಟ್ಟಿದಳು.

"ಯಾರಿಟ್ಟಾರ... ಇದನ್ನ ಇಲ್ಲಿ ಯಾರಿಟ್ಟಾರ?" ಎಂದು ಅವನು ಹಲ್ಲು ಕಡಿದ.

"ನನ್ನ ಅಡುಗೆಮನೆ, ನನ್ನ ಈಳಿಗೆ. ಬಾಗಿಲು ದೂಡಿ ಬಂದದ್ದು ನೀವು. ಇವಳ ತಲೆ ನೋಡಿ. ಆಸ್ಪತ್ರೆಯಲ್ಲಿ ಎಂತ ಹೇಳ್ಬೇಕು ಅಂತ ನೀವೇ ಯೋಚನೆ ಮಾಡಿ."

ಮೆಟ್ಟಿಲಲ್ಲಿ ಗಾಜಿನ ಮೇಲೆ ಬಿದ್ದೆ ಎಂದು ಅವನು ಆಸ್ಪತ್ರೆಯಲ್ಲಿ ಹೇಳಿದನಂತೆ. ಕುಂಟು ಉಳಿಯಿತು, ಕೂತು ಮಾಡುವ ಕೆಲಸವಾದ್ದರಿಂದ ನೌಕರಿಯೂ ಉಳಿಯಿತು. ಗೋಡೆಯಾಚೆ ಅವನ ಬೈಗುಳ ನಿಂತಿತೆಂದು ಹೇಳಲಾರೆ. ಆದರೆ ತನ್ನ ಮನೆಯ ಅಡುಗೆಕೋಣೆಗೂ ಅವನು ಮತ್ತೆ ಕಾಲಿಡಲಿಲ್ಲವಂತೆ. ಸುವರ್ಣಾ ಅಲ್ಲೇ ಉಣ್ಣುತ್ತಾಳೆ, ಅಲ್ಲೇ ಮಗನನ್ನು ಓದಿಸುತ್ತಾಳೆ.

ನಾನೀಗ ಅಟ್ಟದಲ್ಲಿ, ಹಳೆಯ ಸೂಟ್‌ಕೇಸಿನ ಹಿಂದೆ ಇದ್ದೇನೆ. ಹಲ್ಲಿಗೆ ತುಕ್ಕು ಹಿಡಿದಿದೆ. ನಾನು ತಪ್ಪು ಮಾಡಿದೆನೇ ಎಂದು ಯೋಚಿಸಲು ಬೇಕಾದಷ್ಟು ಸಮಯವಿದೆ. ಕೊಯ್ಯಲೆಂದೇ ಹುಟ್ಟಿದವನು ನಾನು. ಯಾವುದನ್ನು ಎಂದು ತೀರ್ಮಾನಿಸುವುದು ಯಾವತ್ತೂ ಮೇಲಿನವರ ಕೆಲಸವಾಗಿತ್ತು. ಆ ಬುಧವಾರದ ತೀರ್ಮಾನ ಮಾತ್ರ ಒಂದು ಪಾದದ್ದು. ನಾನು ಅದನ್ನು ದೂರಲಾರೆ.

ಅಟ್ಟಕ್ಕೇರುವ ಮೊದಲು ಕೇಳಿದ ಕೊನೆಯ ಮಾತುಗಳು ನೆನಪಿವೆ. ತಲೆಗೆ ಪಟ್ಟಿ ಕಟ್ಟಿಕೊಂಡ ಸುವರ್ಣಾ ಕೇಳಿದಳು: "ಅಕ್ಕಾರ, ನೀವು ಬಾಗಲದಾಗ ಯಾವಾಗ ಬಂದ್ರಿ?"

ಕಲಾವತಿ ನನ್ನನ್ನು ತೊಳೆಯುತ್ತಿದ್ದಳು. ಅಲಗನ್ನು ಮತ್ತೊಮ್ಮೆ ನೀರಿಗೆ ಹಿಡಿದಳು.

"ಅವರು ಕಿರುಚಿದ್ದು ಕೇಳಿ ಓಡಿ ಬಂದದ್ದು. ನಾನು ನೋಡುವಾಗ ಅವರು ಬಿದ್ದಾಗಿತ್ತು."

ಮರುದಿನ ಉದಯ ಬಂದ. ಅವನ ಮಾತು ಅಟ್ಟಕ್ಕೂ ಕೇಳಿತು. "ಮಹಾಂತೇಶರ ಕಾಲಿಗೆ ಎಂತಾಯ್ತಂತೆ?" ಎಂದ.

"ಮೆಟ್ಟಿಲಲ್ಲಿ ಬಿದ್ದರಂತೆ. ನೀವು ಕೈ ತೊಳೆದು ಬನ್ನಿ, ಊಟ ಬಡಿಸ್ತೇನೆ."

ಗಂಡನಿಗೂ ಬೇಡ, ಊರಿನಲ್ಲಿರುವ ಅಮ್ಮನಿಗೂ ಬೇಡ. ತಾನು ಕಂಡದ್ದನ್ನು ಸುವರ್ಣಾಳಿಗೂ ಎಂದೆಂದಿಗೂ ಹೇಳುವುದು ಬೇಡ ಎಂದು ಅವಳು ಬಡಿಸುತ್ತ ಬಡಿಸುತ್ತಲೇ ತೀರ್ಮಾನಿಸಿದ್ದು ಆ ದನಿಯಲ್ಲೇ ನನಗೆ ತಿಳಿಯಿತು.