ಬೆಳಗ್ಗೆಯಿಂದ

ಬಾಯಿದ್ದೋನು ಬರಗಾಲದಲ್ಲೂ ಬದುಕ್ದ ಅಂತಾರೆ. ನನ್ನ ಬಾಯಿ ಮಾತ್ರ ಈಗಾಗಲೇ ಒಂದು ಸ್ಕೂಲಿನ ಕೆಲಸ ನುಂಗೈತೆ. ಅದಕ್ಕೇ ನಾನು ಹೊಸದುರ್ಗದ ಬಸ್ ಹತ್ತುವಾಗ ಅಮ್ಮಿ ಹೇಳಿದ್ದು: "ನೂರೀನ್, ಪಾಠ ಮಾಡು, ಜಗಳ ಮಾಡ್ಬೇಡ." ಅಬ್ಬಾಗೆ ಲಕ್ವ ಹೊಡೆದು ಹೊಲಿಗೆ ಮಿಷನ್ ಮೂಲೆ ಸೇರೈತೆ. ಮನೇಲಿ ಒಲೆ ಉರೀಬೇಕಂದ್ರೆ ಈ ಇಂಗ್ಲಿಷ್ ಟೀಚರ್ ಕೆಲಸ ನನಗೆ ಸಿಗಲೇಬೇಕಿತ್ತು.

ಅಲ್ಲಿನ ಸ್ಕೂಲಲ್ಲಿ ಏಳನೇ ಕ್ಲಾಸಿಗೆ ಕೊನೇ ಪೀರಿಯಡ್ಡಲ್ಲಿ ಡೆಮೋ ಪಾಠ. ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್. ಹಿಂದಿನ ಬೆಂಚಲ್ಲಿ ಸ್ಕೂಲಿನ ಸೆಕ್ರೆಟರಿ ಶಿವರಾಜ್ ಕುಂತಿದ್ರು.

"ಯಾವಾಗ್ಲೋ ಶುರುವಾಗಿದ್ದು ಈಗ್ಲೂ ನಡೀತಾನೇ ಐತೆ ಅನ್ನೋಕೆ ಇದು. ನಿಮ್ಮನೇದೇ ಒಂದೊಂದು ವಾಕ್ಯ ಹೇಳ್ರಪ್ಪ," ಅಂದೆ.

ಅನುಷಾ ಅನ್ನೋ ಹುಡುಗಿ ಎದ್ದಳು. "ಮೈ ಫಾದರ್ ಹ್ಯಾಸ್ ಬೀನ್ ಡ್ರಿಂಕಿಂಗ್ ಸಿನ್ಸ್ ಮಾರ್ನಿಂಗ್."

ಅಪ್ಪ ಬೆಳಗ್ಗೆಯಿಂದ ಕುಡೀತಾನೇ ಇದಾರಂತೆ. ಕ್ಲಾಸೆಲ್ಲಾ ಕಿಸಕ್ಕಂತು. ಅವಳು ನಗಲಿಲ್ಲ.

"ಅಪ್ಪ ಏನ್ ಕೆಲ್ಸ ಮಾಡ್ತಾರವ್ವ?"

"ನಮ್ ಸ್ಕೂಲ್ ವ್ಯಾನ್ ಹೊಡೀತಾರೆ ಮಿಸ್."

ಕೈಲಿದ್ದ ಸೀಮೆಸುಣ್ಣ ಕೆಳಗಿಟ್ಟೆ. ಶಿವರಾಜ್ ಮಾತ್ರ "ವಾಕ್ಯ ಸರಿ ಐತಲ್ಲ, ಮುಂದೆ ಹೋಗ್ರಿ" ಅಂದ್ರು. ವಾಕ್ಯಕ್ಕೆ ಮಾರ್ಕ್ಸ್ ಹಾಕೋ ಹೊತ್ತಾ ಅದು?

ಅಷ್ಟರಲ್ಲಿ ಬೆಲ್ಲಾಯ್ತು. ಮಕ್ಕಳಿಗಿಂತ ಮೊದಲು ಓಡಿ ವ್ಯಾನಿನ ಬಾಗಿಲಿಗೆ ಅಡ್ಡ ನಿಂತೆ. ಸ್ಟೇರಿಂಗ್ ಹಿಡಿದು ಕುಂತಿದ್ದ ಅನುಷಾಳ ಅಪ್ಪ ಕರಿಯಣ್ಣನ ಕಣ್ಣು ಕೆಂಪಗಿದ್ವು, ವಾಸನೆ ಮೂಗಿಗೆ ಹೊಡೀತು.

"ಒಂದು ಮಗೂನೂ ಹತ್ತೋಕೆ ಬಿಡಲ್ಲ," ಅಂದೆ.

ಶಿವರಾಜ್ ಹತ್ತಿರ ಬಂದು ಮೆಲ್ಲಗೆ ಹೇಳಿದ್ರು: "ಕೆಲ್ಸ ಬೇಕಾಗಿದ್ರೆ ಈ ಕಡೆ ಬರ್ರಿ. ನಾಕು ಜನಕ್ಕೆ ಗೊತ್ತಾದ್ರೆ ಸ್ಕೂಲಿನ ಮಾನ ಹೋಗ್ತೈತೆ."

ಅಬ್ಬಾನ ಮುಖ ಕಣ್ಣ ಮುಂದೆ ಬಂತು. ಸಂಕಟ ಆಯ್ತು, ಸುಳ್ಳು ಯಾಕೆ ಹೇಳಲಿ. ಆದ್ರೂ ಕಾಲು ಕದಲಲಿಲ್ಲ.

"ನಿಮ್ ಕೆಲ್ಸ ಬ್ಯಾಡ್ರಿ. ಬೇರೆ ಡ್ರೈವರ್ ಕರೆಸ್ರಿ."

ಕರಿಯಣ್ಣ ತಡವರಿಸ್ತಾ ಕೆಳಗಿಳಿದ. "ಯಾರಮ್ಮ ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲಣ್ಣ. ವಾಸನೆ ಬಂತು," ಅಂದೆ. ಆ ಮಗೂಗೆ ಮನೇಲಿ ಏಟು ಬೀಳಬಾರ್ದಲ್ಲ.

ಅನುಷಾ ಮುಂದೆ ಬಂದಳು. "ನಾನೇ ಹೇಳಿದ್ದು ಅಪ್ಪ. ದಿನಾ ನಿನ್ ಪಕ್ಕ ಕುಂತು ರಸ್ತೆ ನೋಡೋದು ನಾನು. ಲಾರಿ ಬಂತು ಅಂತ ಹೇಳೋದೂ ನಾನೇ. ನನಗೆ ಸಾಕಾಗೈತೆ."

ಕರಿಯಣ್ಣ ವ್ಯಾನಿನ ಕೀ ತೆಗೆದು ಮಗಳ ಅಂಗೈಲಿಟ್ಟ. ಅವಳು ಅದನ್ನ ನನಗೆ ಕೊಟ್ಟು, ಅಪ್ಪನ ಕೈ ಹಿಡಿದು ಬಸ್‌ಸ್ಟ್ಯಾಂಡ್ ಕಡೆ ನಡೆಸ್ಕೊಂಡು ಹೋದಳು.